ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಎಲ್ಲರನ್ನೂ ಆಟಕ್ಕೆ ಸೇರಿಸಿಕೊಳ್ಳೋದು ಹೇಗೆ, ಅದಕ್ಕೆ ಬೇರೆ ದೇಶದ ಕ್ಲಬ್‌ಗಳ ಜೊತೆ ಕೈ ಜೋಡಿಸಿದರೆ ಏನು ಸಿಗುತ್ತದೆ ಅಂತ ಕೇಳಿದ ಪತ್ರಗಳೇ ಈ ಸಲ ಜಾಸ್ತಿ. ಕೆಲವನ್ನು ಆರಿಸಿಕೊಂಡಿದ್ದೇನೆ. ಉದ್ದ ಇದ್ದವನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಮ್ಮ ಕ್ಲಬ್‌ಗೆ ಯಾರು ಬೇಕಾದರೂ ಬರಬಹುದು. ಬೋರ್ಡಿನಲ್ಲೂ ಹಾಗೇ ಬರೆಸಿದ್ದೇವೆ. ಆದರೂ ಬರುವವರು ಅದೇ ಹುಡುಗರು. ಕಣ್ಣು ಕಾಣದ ಒಬ್ಬ ಹುಡುಗ, ಇಬ್ಬರು ಹುಡುಗಿಯರು ಬಂದಿದ್ದರು, ಒಂದೆರಡು ವಾರ ಕೂತು ನೋಡಿ ಹೋದರು. ನಾವಂತೂ ಯಾರನ್ನೂ ಬೇಡ ಅಂದಿಲ್ಲ. ಮತ್ತೆ ಯಾಕೆ ಹೀಗೆ? (ಒಬ್ಬ ಕೋಚ್)

ಬೇಡ ಅನ್ನಲಿಲ್ಲ, ಸರಿ. ಆದರೆ ಅವರು ಬಂದ ಮೇಲೆ ನಿಮ್ಮ ಆಟದಲ್ಲಿ ಏನು ಬದಲಾಯಿತು? ಏನೂ ಇಲ್ಲ ಅಂತಾದರೆ ಆ ಮೂವರೂ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನೋ ಹಾಗೆ ಕೂತಿದ್ದರು, ಬೇಜಾರಾಗಿ ಎದ್ದು ಹೋದರು. ಗೇಟು ತೆರೆದಿಟ್ಟರೆ ಸಾಲದು, ಆಟದ ನಿಯಮಕ್ಕೇ ಕೈ ಹಾಕಬೇಕು.

ಗೋಲ್‌ಬಾಲ್ ನೋಡಿ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಹುಟ್ಟಿದ ಆಟ ಇದು. ಆಸ್ಟ್ರಿಯಾದ ಹಾನ್ಸ್ ಲೊರೆನ್ಜೆನ್, ಜರ್ಮನಿಯ ಸೆಪ್ ರೈಂಡ್ಲೆ ಸೇರಿ ಕಟ್ಟಿದ್ದು. ಎರಡು ದೇಶದವರು ಕೈ ಜೋಡಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಚೆಂಡನ್ನು ನೆಲದ ಮೇಲೆ ಉರುಳಿಸಿ ಎದುರಾಳಿಯ ಗೋಲಿಗೆ ಸೇರಿಸಬೇಕು. ತಂಡಕ್ಕೆ ಮೂವರು. ಅಂಕಣ ವಾಲಿಬಾಲ್‌ನಷ್ಟೇ, 18 ಮೀಟರ್ ಉದ್ದ, 9 ಮೀಟರ್ ಅಗಲ. ಚೆಂಡು 1.25 ಕಿಲೋ ತೂಗುತ್ತದೆ, ಒಳಗೆ ಗೆಜ್ಜೆ ಇರುತ್ತದೆ. ನೆಲದ ಗೆರೆಗಳಿಗೆ ಅಂಟಿಸಿದ ಟೇಪಿನ ಅಡಿಯಲ್ಲಿ ತೆಳ್ಳನೆಯ ದಾರ ಎಳೆದಿರುತ್ತಾರೆ, ಆಟಗಾರರು ಅದನ್ನು ಬೆರಳಿನಿಂದಲೋ ಕಾಲಿನಿಂದಲೋ ಸವರಿ ತಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕುತ್ತಾರೆ. ಚೆಂಡು ಉರುಳುವಾಗ ನೋಡುವವರು ತುಟಿ ಬಿಚ್ಚುವ ಹಾಗಿಲ್ಲ, ಗೆಜ್ಜೆ ಸದ್ದು ಕೇಳಿಸದಿದ್ದರೆ ಆಟವೇ ಇಲ್ಲ. ಎಲ್ಲಕ್ಕಿಂತ ಮುಖ್ಯ, ಅಂಕಣದಲ್ಲಿರುವ ಆರೂ ಜನ ಕಣ್ಣು ಪೂರ್ತಿ ಮುಚ್ಚಿಕೊಳ್ಳಲೇಬೇಕು, ಅಲ್ಪಸ್ವಲ್ಪ ಕಾಣುವವರೂ ಸೇರಿ. ಹಾಗಾಗಿ ಕ್ಲಬ್ ಮಟ್ಟದಲ್ಲಿ ಕಣ್ಣು ಚೆನ್ನಾಗಿ ಕಾಣುವ ನಿಮ್ಮ ಹುಡುಗರೂ ಜೊತೆಗೆ ಆಡಬಹುದು. ವಾರಕ್ಕೊಮ್ಮೆ ಆಡಿಸಿ ನೋಡಿ. ಅವತ್ತು ಆ ಹುಡುಗನೇ ಉಳಿದವರಿಗೆ ಹೇಳಿಕೊಡುವ ಹಾಗಾಗುತ್ತದೆ.

ಹುಡುಗಿಯರ ವಿಷಯಕ್ಕೆ ಬಂದರೆ, ಕಾರ್ಫ್‌ಬಾಲ್ ಅಂತ, ಎತ್ತರದ ಬುಟ್ಟಿಗೆ ಚೆಂಡು ಎಸೆಯುವ ಒಂದು ಆಟ ಇದೆ. 1902ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೇಷ್ಟ್ರು ನಿಕೊ ಬ್ರೂಕ್‌ಹಾಯ್ಸನ್ ರೂಪಿಸಿದ್ದು. ತಂಡದಲ್ಲಿ ನಾಲ್ವರು ಗಂಡಸರು, ನಾಲ್ವರು ಹೆಂಗಸರು. ಚೆಂಡು ಹಿಡಿದು ಓಡುವ ಹಾಗಿಲ್ಲ. ಗಂಡಸು ಹೆಂಗಸಿನ ಎಸೆತವನ್ನು ತಡೆಯುವ ಹಾಗಿಲ್ಲ. ಇಷ್ಟು ಎರಡು ನಿಯಮ ಇದ್ದರೆ ಸಾಕು, ಜೋರು ಇರುವವನೊಬ್ಬನೇ ಚೆಂಡನ್ನು ಇಟ್ಟುಕೊಂಡು ಮೆರೆಯೋಕೆ ಆಗೋದೇ ಇಲ್ಲ, ಪಾಸ್ ಮಾಡಲೇಬೇಕು. ನೀವು ಕಾರ್ಫ್‌ಬಾಲನ್ನೇ ಆಡಿಸಿ ಅಂತಲ್ಲ. ನಿಮ್ಮ ಆಟದಲ್ಲಿ ಯಾವ ನಿಯಮ ಯಾರನ್ನು ಬೆಂಚಿನ ಮೇಲೆ ಕೂರಿಸುತ್ತಿದೆ ಅಂತ ಒಂದು ಸಂಜೆ ಕೂತು ಬರೆಯಿರಿ. ಹೋದ ಆ ಹುಡುಗಿಯರನ್ನೂ ಕರೆದು ಕೇಳಿ. ಬಟ್ಟೆ ಬದಲಾಯಿಸೋಕೆ ಕೋಣೆ ಇಲ್ಲ, ಅಭ್ಯಾಸ ಮುಗಿಯುವಷ್ಟರಲ್ಲಿ ಕತ್ತಲಾಗುತ್ತೆ ಅನ್ನೋ ಉತ್ತರ ಬರಬಹುದು. ಹಾಗಿದ್ದರೆ ಮೊದಲು ಅದನ್ನು ಸರಿ ಮಾಡಿ.

ಪ್ರಶ್ನೆ: ಆಟ ಜನರನ್ನು ಒಂದು ಮಾಡುತ್ತದೆ ಅಂತ ಎಲ್ಲರೂ ಹೇಳ್ತಾರೆ. ನಾನು ನೋಡಿರೋದು ಮೈದಾನದ ಜಗಳಗಳನ್ನೇ. ಇದು ಸುಮ್ನೆ ಭಾಷಣದ ಮಾತಲ್ವಾ? (ಒಬ್ಬ ಓದುಗ)

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆಟ ತಾನಾಗಿಯೇ ಯಾರನ್ನೂ ಒಂದು ಮಾಡುವುದಿಲ್ಲ. ಯಾರು ಯಾರ ತಂಡದಲ್ಲಿದ್ದಾರೆ ಅನ್ನೋದೇ ಎಲ್ಲ.

ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಲೀಗ್ ನಡೆಸಿ ಇದನ್ನೇ ಪರೀಕ್ಷಿಸಿದರು. ಅವರ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಜಾತಿಯ ಹುಡುಗರು ಒಂದೇ ತಂಡದಲ್ಲಿ ಆಡಿದಾಗ ಜಾತಿ ದಾಟಿದ ಗೆಳೆತನ ಹೆಚ್ಚಾಯಿತು. ಎದುರಾಳಿಗಳಾಗಿ ಆಡಿದಾಗ ಆ ಲಾಭ ಸಿಗಲಿಲ್ಲ. ಅಂದರೆ ಈ ಕೇರಿಯ ತಂಡ, ಆ ಕೇರಿಯ ತಂಡ ಅಂತ ಎರಡು ಮಾಡಿ ಸೌಹಾರ್ದ ಪಂದ್ಯ ಇಟ್ಟು ಕಪ್ ಕೊಟ್ಟರೆ, ಸೌಹಾರ್ದ ಬ್ಯಾನರ್‌ನಲ್ಲೇ ಉಳಿಯುತ್ತದೆ. ತಂಡವನ್ನೇ ಕಲಸಿ.

ಇನ್ನೊಂದು ಅಧ್ಯಯನ ಇರಾಕ್‌ನದು. ಸಲ್ಮಾ ಮೂಸಾ ಮಾಡಿದ್ದು, 2020ರಲ್ಲಿ ಬಂತು. ಐಸಿಸ್ ಹಾವಳಿಯಿಂದ ಮನೆಮಠ ಬಿಟ್ಟು ಬಂದ ಕ್ರೈಸ್ತರ ಫುಟ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. ಲೀಗ್ ಮುಗಿದ ಮೇಲೂ ಆ ಆಟಗಾರರು ತಮಗೆ ಗೊತ್ತಿರುವ ಮುಸ್ಲಿಮರ ಜೊತೆ ಆಡುತ್ತಲೇ ಇದ್ದರು. ಆದರೆ ಮೈದಾನದ ಆಚೆ ಗುರುತಿಲ್ಲದವರ ಜೊತೆಗಿನ ನಡವಳಿಕೆ ಅಷ್ಟೇನೂ ಬದಲಾಗಲಿಲ್ಲ. ನನಗೆ ಇದರಿಂದ ನಿರಾಸೆ ಆಗುವುದಿಲ್ಲ. ಆಟ ಎಷ್ಟು ದೂರ ಕರೆದೊಯ್ಯಬಲ್ಲದು, ಎಲ್ಲಿಂದ ಶಾಲೆ, ಕೆಲಸ, ಕಾನೂನು ಜೊತೆಗೆ ಬರಬೇಕು ಅನ್ನೋದು ಸ್ಪಷ್ಟ ಆಯಿತಲ್ಲ, ಅದು ದೊಡ್ಡದು.

ಪ್ರಶ್ನೆ: ನಾನು ಈಗ ಯುರೋಪಿನಲ್ಲಿದ್ದೇನೆ, ಇಲ್ಲಿನ ಚಿಕ್ಕ ಕ್ಲಬ್ ಒಂದರಲ್ಲಿ ಸ್ವಯಂಸೇವಕಿ. ಪಕ್ಕದ ದೇಶದ ಕ್ಲಬ್ ಜೊತೆ ಸೇರಿ ಯೋಜನೆಗೆ ಅರ್ಜಿ ಹಾಕೋಣ ಅಂತ ಮಾತು ನಡೀತಿದೆ. ಇಂಥದ್ದು ಕೊನೆಗೆ ಪ್ರವಾಸ, ಫೋಟೋ, ಊಟ ಅಂತ ಮುಗಿದು ಹೋಗುತ್ತೆ ಅನ್ನೋ ಭಯ.

ಭಯ ಇರಲಿ, ಒಳ್ಳೆಯದೇ. ಅರ್ಜಿಯನ್ನೂ ಹಾಕಿ.

ಯುರೋಪಿಯನ್ ಒಕ್ಕೂಟ ಇಂಥ ಯೋಜನೆಗಳಿಗೆ ಹಣ ಕೊಡುವ ಎರಾಸ್ಮಸ್ ಪ್ಲಸ್‌ನಲ್ಲಿ 2014ರಿಂದ ಕ್ರೀಡೆಗೂ ಜಾಗ ಇದೆ. ನಿಮ್ಮಂಥ ಚಿಕ್ಕ ಕ್ಲಬ್‌ಗಳಿಗೆ 2021ರಿಂದ ಸಣ್ಣ ಪ್ರಮಾಣದ ಸಹಭಾಗಿತ್ವ ಅಂತ ಒಂದು ದಾರಿ ಮಾಡಿದ್ದಾರೆ. ಎರಡು ದೇಶದ ಎರಡು ಸಂಸ್ಥೆ ಇದ್ದರೆ ಸಾಕು. ಮೊತ್ತ 30,000 ಯುರೋ ಅಥವಾ 60,000 ಯುರೋ, ಅವಧಿ 6ರಿಂದ 24 ತಿಂಗಳು. ಮೊದಲ ಸಲ ಅಂದರೆ 30,000ದ್ದೇ ಸಾಕು ಅನ್ನುತ್ತೇನೆ. ದೊಡ್ಡ ಮೊತ್ತ ಬಂದ ಕೂಡಲೇ ಕಾಗದಪತ್ರ ನೋಡಿಕೊಳ್ಳೋಕೇ ಒಬ್ಬರು ಬೇಕಾಗುತ್ತಾರೆ, ಮಕ್ಕಳ ಜೊತೆ ಮೈದಾನದಲ್ಲಿ ಇರಬೇಕಾದವರು ಕಂಪ್ಯೂಟರ್ ಮುಂದೆ ಕೂತಿರುತ್ತಾರೆ.

ಈಗ ಮುಖ್ಯ ವಿಷಯ. ಯಾರು ಹೋಗಬೇಕು ಅಂತ ಅರ್ಜಿ ಬರೆಯುವಾಗಲೇ ತೀರ್ಮಾನಿಸಿ. ಅಧ್ಯಕ್ಷರು, ಕಾರ್ಯದರ್ಶಿಗಳು ಆಮೇಲೆ ಹೋಗಲಿ. ಮೊದಲು ಆಡುವವರು, ಆಡಿಸುವವರು ಹೋಗಲಿ, ಅವರಲ್ಲೂ ಇಲ್ಲಿಯವರೆಗೆ ಗಡಿ ದಾಟದವರು. ಹೋಮ್‌ಲೆಸ್ ವರ್ಲ್ಡ್ ಕಪ್ ಅಂತ ಮನೆಯಿಲ್ಲದವರ ಫುಟ್‌ಬಾಲ್ ಪಂದ್ಯಾವಳಿ ಇದೆ, 2003ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ 18 ದೇಶಗಳ ತಂಡಗಳೊಂದಿಗೆ ಶುರುವಾಯಿತು. ಅಲ್ಲಿ ಒಬ್ಬ ಆಟಗಾರ ಜೀವನದಲ್ಲಿ ಒಂದೇ ಸಲ ಆಡಬಹುದು. ಎಷ್ಟೇ ಚೆನ್ನಾಗಿ ಆಡಲಿ, ಮುಂದಿನ ವರ್ಷ ಆ ಜಾಗ ಇನ್ನೊಬ್ಬರಿಗೆ. ಈ ನಿಯಮ ನನಗೆ ತುಂಬಾ ಇಷ್ಟ. ನಿಮ್ಮ ಯೋಜನೆಗೂ ಇದನ್ನೇ ಹಾಕಿಕೊಳ್ಳಿ.

ಇನ್ನೊಂದು, ವಾಪಸ್ ಬರುವಾಗ ಒಂದು ಪದ್ಧತಿಯನ್ನಾದರೂ ತರಬೇಕು. ಪದ್ಧತಿಗಳು ಎಷ್ಟು ದೂರ ಹೋಗಬಲ್ಲವು ಅನ್ನೋದಕ್ಕೆ ಕೊಲಂಬಿಯಾದ ಮೆಡೆಜಿನ್ ನಗರ ನೋಡಿ. 1994ರ ವಿಶ್ವಕಪ್‌ನಲ್ಲಿ ತನ್ನದೇ ಗೋಲಿಗೆ ಚೆಂಡು ಹೊಡೆದ ಆಂದ್ರೆಸ್ ಎಸ್ಕೋಬಾರ್ ಅವರನ್ನು ಆ ಊರಲ್ಲಿ ಗುಂಡಿಟ್ಟು ಕೊಂದರು. ಆಗ ಅಲ್ಲಿದ್ದ ಜರ್ಮನಿಯ ಯುರ್ಗನ್ ಗ್ರೀಸ್‌ಬೆಕ್ ಸ್ಥಳೀಯರ ಜೊತೆ ಸೇರಿ ಬೀದಿ ಫುಟ್‌ಬಾಲ್ ಶುರು ಮಾಡಿದರು. ರೆಫರಿ ಇಲ್ಲ. ಹುಡುಗ ಹುಡುಗಿಯರು ಒಂದೇ ತಂಡದಲ್ಲಿ, ಮೊದಲ ಗೋಲನ್ನು ಹುಡುಗಿಯೇ ಹೊಡೆಯಬೇಕು. ಅದೇ ಬೆಳೆದು ಈಗ ಫುಟ್‌ಬಾಲ್ 3 ಅಂತ ಖಂಡ ಖಂಡಗಳಲ್ಲಿ ಆಡುತ್ತಾರೆ. ಆಟಕ್ಕೆ ಮುಂಚೆ ಎರಡೂ ತಂಡ ಕೂತು ನಿಯಮ ಒಪ್ಪಿಕೊಳ್ಳುತ್ತವೆ. ಆಮೇಲೆ ಆಡುತ್ತಾರೆ. ಮುಗಿದ ಮೇಲೆ ಮತ್ತೆ ಕೂತು, ಯಾರು ಮಾತಿಗೆ ತಕ್ಕ ಹಾಗೆ ಆಡಿದರು ಅಂತ ಒಬ್ಬರಿಗೊಬ್ಬರು ಅಂಕ ಕೊಡುತ್ತಾರೆ. ಭಾಷೆ ಬೇರೆ ಇರುವ ಎರಡು ಕ್ಲಬ್‌ಗಳು ಸೇರಿದಾಗ ಇದು ಹೇಳಿ ಮಾಡಿಸಿದ ಹಾಗಿದೆ, ಯಾಕಂದರೆ ಮಾತಾಡದೆ ಆಟ ಶುರುವಾಗೋದೇ ಇಲ್ಲ.

ಪ್ರಶ್ನೆ: ಎಲ್ಲರನ್ನೂ ಸೇರಿಸಬೇಕು ಅಂದರೆ ಸ್ಕೋರ್ ಇಡೋದನ್ನೇ ಬಿಟ್ಟರೆ ಹೇಗೆ? (ಒಬ್ಬ ಶಿಕ್ಷಕಿ)

ಬೇಡ. ನೀವು ಇಡದಿದ್ದರೆ ಮಕ್ಕಳು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಯಾವುದಕ್ಕೆ ಅಂಕ ಅನ್ನೋದನ್ನು ಬದಲಾಯಿಸಿ. ನೈರೋಬಿಯ ಮಥಾರೆ ಕೊಳೆಗೇರಿಯಲ್ಲಿ 1987ರಲ್ಲಿ ಶುರುವಾದ ಯುವ ಕ್ರೀಡಾ ಸಂಘದಲ್ಲಿ, ತಂಡ ತನ್ನ ಪ್ರದೇಶದ ಕಸ ತೆಗೆದರೆ ಲೀಗ್ ಪಟ್ಟಿಯಲ್ಲಿ ಅಂಕ ಸೇರುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಬೌದ್ಧಿಕ ಅಂಗವೈಕಲ್ಯ ಇದೆ. ಅವಳಂಥ ಮಕ್ಕಳ ತಂಡಕ್ಕೆ ಸೇರಿಸಲಾ, ಎಲ್ಲರ ಜೊತೆ ಬಿಡಲಾ? (ಒಬ್ಬ ತಾಯಿ)

ಅವಳನ್ನೇ ಕೇಳಿ ಅಮ್ಮ. ಎರಡನ್ನೂ ಒಂದಷ್ಟು ದಿನ ಆಡಿ ನೋಡಲಿ, ಆಮೇಲೆ ಅವಳೇ ಹೇಳಲಿ. 1968ರಲ್ಲಿ ಶಿಕಾಗೋದಲ್ಲಿ ಶುರುವಾದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಪ್ರತ್ಯೇಕ ಆಟಗಳೂ ಇವೆ, ಯೂನಿಫೈಡ್ ಸ್ಪೋರ್ಟ್ಸ್ ಅಂತ ವೈಕಲ್ಯ ಇರುವವರು ಇಲ್ಲದವರು ಒಂದೇ ತಂಡದಲ್ಲಿ ಆಡುವುದೂ ಇದೆ. ಅಲ್ಲಿ ವೈಕಲ್ಯ ಇಲ್ಲದ ಜೊತೆಗಾರರು ಆಟವನ್ನು ತಮ್ಮ ಕೈಗೆ ತೆಗೆದುಕೊಳ್ಳಬಾರದು ಅನ್ನೋ ನಿಯಮ ಇದೆ, ಅದನ್ನು ಪಾಲಿಸುತ್ತಾರಾ ಅಂತ ಹೋಗಿ ನೋಡಿ. ಒಂದು ಪಂದ್ಯ ಪೂರ್ತಿ ಕೂತು, ಅವಳ ಥರದ ಮಕ್ಕಳಿಗೆ ಚೆಂಡು ಎಷ್ಟು ಸಲ ಸಿಕ್ಕಿತು ಅಂತ ಒಂದು ಚೀಟಿಯಲ್ಲಿ ಗೆರೆ ಹಾಕುತ್ತಾ ಹೋಗಿ. ಗೆರೆಗಳು ತೀರಾ ಕಡಿಮೆ ಇದ್ದರೆ ಆ ಚೀಟಿಯನ್ನೇ ಕೋಚ್‌ಗೆ ತೋರಿಸಿ ಮಾತಾಡಿ. ಕೇಳಿಸಿಕೊಂಡು ಮುಂದಿನ ಪಂದ್ಯದಲ್ಲಿ ಏನಾದರೂ ಬದಲಾಯಿಸಿದರೆ ಆ ತಂಡದಲ್ಲಿ ಇರಲಿ, ಇಲ್ಲವಾದರೆ ಬೇರೆ ತಂಡ ಹುಡುಕಿ.