ವಾರ್ಡಿನಲ್ಲಿ ನನಗೆ ಸಿಸ್ಟರ್ ಅನ್ನು ಅಂದಿದ್ದೆ

ತಂಗಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಲಾಂಗ್ ಡೇ, ಅಂದರೆ ಹನ್ನೆರಡೂವರೆ ತಾಸಿನ ಪಾಳಿ, ಮುಗಿಸಿ ಬಸ್ಸಿನಲ್ಲಿ, ಕಣ್ಣು ಎಳೆಯುತ್ತಿರುವಾಗ. ಎರಡನೇ ಸಲ ಮರುದಿನ ಚಹಾ ಇಟ್ಟುಕೊಂಡು. ಪತ್ರದ ಮೇಲೆ 'ಮೇಡಂ' ಅಂತ ಶುರು ಮಾಡಿದವಳು ಕೊನೆಯ ಸಾಲಿಗೆ ಬರುವಷ್ಟರಲ್ಲಿ 'ಅಕ್ಕ' ಅಂದುಬಿಟ್ಟಿದ್ದೀಯ. ಅದೇ ಇರಲಿ.

ನೀನು ಹುಮನಾಬಾದಿನಿಂದ ಇಂಗ್ಲೆಂಡಿಗೆ ನರ್ಸ್ ಆಗಿ ಬಂದು ನಾಲ್ಕು ತಿಂಗಳು. ಇಲ್ಲಿಯ ನರ್ಸಿಂಗ್ ಪರೀಕ್ಷೆ ಆಸ್ಕಿ ಪಾಸಾಯಿತು, ನೋಂದಣಿ ನಂಬರ್ ಪಿನ್ ಬಂತು. ಊರಲ್ಲಿ ಎಂಟು ವರ್ಷ ಕೆಲಸ, ಕೊನೆಯ ಮೂರು ವರ್ಷ ಇನ್‌ಚಾರ್ಜ್. ಇಲ್ಲಿ ಮತ್ತೆ ಬ್ಯಾಂಡ್ 5, ನರ್ಸುಗಳ ದರ್ಜೆಯಲ್ಲಿ ಮೊದಲ ಮೆಟ್ಟಿಲು. ನಿನಗೆ ಮೇಲೆ ಹೋಗಬೇಕು. ಆದರೆ ಮೀಟಿಂಗಿನಲ್ಲಿ ಧ್ವನಿ ಹೊರಡಲ್ಲ, ರಾತ್ರಿ ಸುಮ್ನೆ ಅಳು ಬರುತ್ತದೆ. "ಲೀಡರ್ ಆಗಲಿಕ್ಕೆ ನನ್ನ ಮನಸ್ಸು ಅಷ್ಟು ಗಟ್ಟಿ ಇಲ್ಲೇನೋ ಅಕ್ಕ" ಅಂತ ಕೇಳಿದ್ದೀಯ. ಜೊತೆಗೆ ವೀಸಾ, ಉಳಿತಾಯ, ಅತ್ತೆಯನ್ನು ಕರೆಸುವುದು, ಜೋಳದ ಹಿಟ್ಟು. ಎಲ್ಲವೂ ಒಂದೇ ಉಸಿರಿನಲ್ಲಿ.

ಸಣ್ಣವು ಮೊದಲು ಮುಗಿಸುತ್ತೇನೆ. ವೀಸಾ ರೂಲು ಆಗಾಗ ಬದಲಾಗುತ್ತದೆ. ಸರ್ಕಾರದ ವೆಬ್‌ಸೈಟ್ ನೋಡು, ಏಜೆಂಟ್ ಮಾತು ನಂಬಬೇಡ. ಮೊದಲ ವರ್ಷ ದುಡ್ಡು ಉಳಿಯಲ್ಲ. ಪೌಂಡನ್ನು ರೂಪಾಯಿಗೆ ಗುಣಿಸುವುದು ಬಿಟ್ಟರೆ ಹೊಟ್ಟೆತುಂಬ ಉಣ್ಣುತ್ತೀ. ಅತ್ತೆಯ ವಿಷಯ ನಿನ್ನ ಮನೆಯ ಮಾತು, ನಾನು ಬಾಯಿ ಹಾಕಲ್ಲ.

ನಾನು ಬಂದದ್ದು 2004ರ ಜನವರಿಯಲ್ಲಿ. ಆಗ ನಮ್ಮೂರಿನ ಹೆಸರು ಇನ್ನೂ ಗುಲ್ಬರ್ಗ. ಹೈದರಾಬಾದಿನ ವಿಮಾನ ಬೇಗಂಪೇಟೆಯಿಂದ ಹಾರುತ್ತಿತ್ತು. ಅಪ್ಪ, ಕಾಕಾ, ಕಾಕಾನ ಇಬ್ಬರು ಮಕ್ಕಳು, ಎಲ್ಲರೂ ರಾತ್ರಿ ಬಸ್ಸಿಗೆ ಬಂದಿದ್ದರು. ಅವ್ವ ಹಳೆ ಧೋತ್ರದಲ್ಲಿ 40 ಖಡಕ್ ರೊಟ್ಟಿ ಕಟ್ಟಿಕೊಟ್ಟಿದ್ದಳು. ಇಲ್ಲಿ ಇಳಿದರೆ ಸಂಜೆ ನಾಲ್ಕೂವರೆಗೇ ಕತ್ತಲು. ಬೇಸಿಗೆಯಲ್ಲಿ 42 ಡಿಗ್ರಿ ಉಂಡು ಬೆಳೆದ ಮೈ. ಕಾಲಲ್ಲಿ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಕೊಂಡ ಚಪ್ಪಲಿ. 5 ಪೌಂಡಿನ ಫೋನ್ ಕಾರ್ಡ್ ಉಜ್ಜಿ ನಂಬರ್ ಒತ್ತಿ "ಆರಾಮ ಇದ್ದೀನವ್ವಾ" ಅಂದೆ. ಕಾರ್ಡು ಇನ್ನೂ ಮುಗಿದಿರಲಿಲ್ಲ. ಗಂಟಲು ಕಟ್ಟಿತು, ಇಟ್ಟುಬಿಟ್ಟೆ.

ಮೊದಲ ದಿನವೇ ಒಂದು ನಗೆಪಾಟಲು. ನಮ್ಮಲ್ಲಿ ಬಿಳಿ ಸಮವಸ್ತ್ರ ಹಾಕಿದ ಪ್ರತಿಯೊಬ್ಬಳೂ ಸಿಸ್ಟರ್ ತಾನೇ? ನಾನು ಕಂಡಕಂಡವರಿಗೆಲ್ಲ ಸಿಸ್ಟರ್, ಸಿಸ್ಟರ್ ಅಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಇಲ್ಲಿ ಸಿಸ್ಟರ್ ಅನ್ನುವುದು ಪದವಿ. ವಾರ್ಡಿಗೆ ಯಜಮಾನಿ ಆದವಳು ಸಿಸ್ಟರ್, ನಮ್ಮಲ್ಲಿ ಕಡುನೀಲಿ ಬಟ್ಟೆಯವಳು. ಆವತ್ತೇ ಆ ಬಟ್ಟೆಯ ಮೇಲೆ ಕಣ್ಣು ಬಿತ್ತು. ಆಸೆ ಪಟ್ಟೆ ಅಂತ ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ನಿನಗೂ ಬೇಡ.

ಈಗ ಧ್ವನಿಯ ಮಾತು. ನಮ್ಮ ಕಡೆ ಗೌರವವೆಲ್ಲ 'ರಿ'ಯಲ್ಲಿದೆ. "ಜರಾ ಆ ಟ್ರೇ ಕೊಡ್ರಿ" ಅಂದರೆ ಸಾಕು. ಅದನ್ನೇ ತಲೆಯಲ್ಲಿ ಇಂಗ್ಲಿಷ್ ಮಾಡಿ "ಗಿವ್ ಮೀ ದಟ್ ಟ್ರೇ" ಅಂದೆ. 'ರಿ' ದಾರಿಯಲ್ಲೇ ಉದುರಿ ಹೋಯಿತು. ನಾನು ಮರ್ಯಾದೆಯಿಂದ ಕೇಳಿದೆ ಅಂದುಕೊಂಡೆ, ಅವರು ಇವಳೇನು ಹುಕುಂ ಮಾಡುತ್ತಾಳೆ ಅಂದುಕೊಂಡರು. ಇಲ್ಲಿಯವರದು ಉಲ್ಟಾ. "ಯು ಮೈಟ್ ವಾಂಟ್ ಟು ಚೆಕ್ ದಟ್ ಡ್ರಿಪ್" ಅಂದರೆ ಈಗಲೇ ಹೋಗಿ ನೋಡು ಅಂತ ಅರ್ಥ. ನಾನು ಇಷ್ಟವಿದ್ದರೆ ನೋಡಬಹುದು ಅಂದುಕೊಂಡು ಸುಮ್ಮನೆ ಕೂತಿದ್ದೆ ಒಂದು ಸಲ. ಹೀಗಾಗಿ ನಿನ್ನ ಧ್ವನಿ ಹೊರಡದಿರುವುದು ಅಂಜಿಕೆಯಿಂದಲೇ ಅಂತ ತಿಳಿಯಬೇಡ. ಅರ್ಧ ಭಾಷೆಯದು.

ದೊಡ್ಡ ಮೀಟಿಂಗಿನಲ್ಲಿ ಶುರು ಮಾಡಬೇಡ, ಡಾಕ್ಟರಿಗೆ ಫೋನ್ ಮಾಡುವಾಗ ಶುರು ಮಾಡು. ರೋಗಿಯ ಸ್ಥಿತಿ ಹೇಳುವ ಕ್ರಮ, ಎಸ್‌ಬಾರ್, ಕಲಿಸಿದ್ದಾರಲ್ವಾ? ಈಗ ಏನಾಗಿದೆ, ಹಿಂದೆ ಏನಿತ್ತು, ನಿನಗೆ ಏನು ಅನಿಸುತ್ತದೆ, ಏನು ಆಗಬೇಕು. ನಮ್ಮ ಹುಡುಗಿಯರು ಮೊದಲ ಎರಡನ್ನು ಚಂದ ಹೇಳುತ್ತಾರೆ. ಬಿಪಿ, ಪಲ್ಸ್, ಮೂತ್ರ ಎಷ್ಟು ಹೋಗಿದೆ, ಒಂದೂ ತಪ್ಪಲ್ಲ. ಕೊನೆಗೆ ಬಂದು "ಏನು ಮಾಡಲಿ ಡಾಕ್ಟ್ರೇ?" ಅಂತ ನಿಂತುಬಿಡುತ್ತಾರೆ. ಊರಲ್ಲಿ ಅದು ವಿನಯ. ಇಲ್ಲಿ ಕೆಲಸ ಅರ್ಧಕ್ಕೆ ಬಿಟ್ಟ ಹಾಗೆ. "ಇವರಿಗೆ ಸೋಂಕು ರಕ್ತಕ್ಕೆ ಏರಿದೆ ಅನಿಸುತ್ತದೆ, ನೀವು 15 ನಿಮಿಷದೊಳಗೆ ಬಂದು ನೋಡಬೇಕು" ಅನ್ನು. ಮೊದಲ ಸಲ ನಾಲಿಗೆ ತಡವರಿಸುತ್ತದೆ. ಡಾಕ್ಟರ್ ನಿಜವಾಗಿ 15 ನಿಮಿಷಕ್ಕೆ ಬಂದು ನಿಂತಾಗ ನಿನ್ನ ಬೆನ್ನು ತಾನೇ ನೆಟ್ಟಗಾಗುತ್ತದೆ.

ಮುಂದಿನ ಮೆಟ್ಟಿಲು ಬ್ಯಾಂಡ್ 6ಕ್ಕೆ ಅರ್ಜಿ ಹಾಕಿದರೆ ಜಂಬ ಅನ್ನುತ್ತಾರೇನೋ ಅಂದಿದ್ದೀಯ. ಯಾರೂ ಅನ್ನಲ್ಲ. ಹಾಕದಿದ್ದರೆ ನಿನಗೆ ಬೇಡ ಅಂತಲೇ ತಿಳಿಯುತ್ತಾರೆ. ಅರ್ಜಿಯ ಜೊತೆ ಇರುವ ಪರ್ಸನ್ ಸ್ಪೆಸಿಫಿಕೇಷನ್, ಅಂದರೆ ಹುದ್ದೆಗೆ ಏನೇನು ಬೇಕು ಅನ್ನುವ ಪಟ್ಟಿ, ತೆಗೆದುಕೊಂಡು ಅದರ ಒಂದೊಂದು ಸಾಲಿಗೂ ನೀನು ಮಾಡಿದ ಒಂದೊಂದು ಕೆಲಸ ಬರೆ. ಅದನ್ನು ನೋಡಿಯೇ ಅವರು ಅಂಕ ಹಾಕುವುದು. ನಾನು ಎರಡು ಇಂಟರ್‌ವ್ಯೂ ಕಳೆದುಕೊಂಡೆ, ಎರಡೂ ಸಲ ಒಂದೇ ಕಾರಣಕ್ಕೆ. ನಾವು ಒಬ್ಬರೇ ಮಾಡಿದ್ದಕ್ಕೂ "ನಾವು ಮಾಡೀವ್ರಿ" ಅನ್ನುವವರು. ಅಲ್ಲಿಯೂ ವೀ, ವೀ, ವೀ ಅಂದೆ. ಎದುರಿದ್ದ ಹೆಂಗಸು ಪೆನ್ನು ಕೆಳಗಿಟ್ಟು "ಸರಿ, ಅದರಲ್ಲಿ ನೀನು ಮಾಡಿದ್ದು ಯಾವುದು?" ಅಂದಳು. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಮೂರನೇ ಸಲ ಅಡುಗೆಮನೆಯಲ್ಲಿ ನಿಂತು 'ಐ' ಅನ್ನುವುದನ್ನೇ ರೂಢಿ ಮಾಡಿಕೊಂಡು ಹೋದೆ. 2009ರಲ್ಲಿ ಸಿಕ್ಕಿತು. 2011ರಲ್ಲಿ ಕಡುನೀಲಿ ಬಟ್ಟೆ.

ಅಳುವಿನ ಬಗ್ಗೆ. ಅತ್ತರೆ ಪಿನ್ ಹೋಗಲ್ಲ ತಂಗಿ. ಸಿಬ್ಬಂದಿಯ ಆರೋಗ್ಯ ನೋಡುವ ಆಕ್ಯುಪೇಷನಲ್ ಹೆಲ್ತ್‌ನವರ ಹತ್ತಿರ ಹೇಳಿದ್ದು ಗುಟ್ಟಾಗಿಯೇ ಇರುತ್ತದೆ. ಮ್ಯಾನೇಜರಿಗೆ ಹೋಗುವುದು ನೀನು ಒಪ್ಪಿದ ಮೇಲೆ, ಅದೂ ಕೆಲಸಕ್ಕೆ ಏನು ಅನುಕೂಲ ಬೇಕು ಅನ್ನುವಷ್ಟೇ. ಇಂಗ್ಲೆಂಡಿನಲ್ಲಿ ಟಾಕಿಂಗ್ ಥೆರಪಿಗೆ, ಅಂದರೆ ಮಾತಾಡಿ ಮನಸ್ಸು ಹಗುರ ಮಾಡುವ ಚಿಕಿತ್ಸೆಗೆ, ಜಿಪಿ ಅನ್ನುವ ಮನೆ ಡಾಕ್ಟರ ಚೀಟಿಯೂ ಬೇಡ, ನೀನೇ ಹೆಸರು ಕೊಡಬಹುದು. ವಾರ್ಡಿನಲ್ಲಿ ಯಾರಾದರೂ ಕಾಡಿದರೆ ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಅಂತ, ಸಿಬ್ಬಂದಿಯ ದೂರು ಕೇಳಲು ಒಬ್ಬರು ಇರುತ್ತಾರೆ. ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ರೋಗಿಗಳನ್ನು ಕಡೆಗಣಿಸಿದ ಹಗರಣ ಆದಮೇಲೆ 2015ರ ಫ್ರಾನ್ಸಿಸ್ ವರದಿಯಿಂದ ಬಂದ ಹುದ್ದೆ ಅದು. ಅವರ ಹೆಸರು, ನಂಬರ್ ಈಗಲೇ ಬರೆದಿಟ್ಟುಕೊ. ಯೂನಿಯನ್ನಿಗೆ ಸೇರು. ಸೇರುವುದು ಜಗಳಗಂಟಿಯರ ಕೆಲಸ ಅಂತ ನಾನು ಆರು ವರ್ಷ ಸೇರಿರಲಿಲ್ಲ. ಹುಚ್ಚುತನ.

ನಾನು ಎಲ್ಲಿ ಅಳುತ್ತಿದ್ದೆ ಗೊತ್ತಾ? ಬೆಡ್‌ಪ್ಯಾನ್ ತೊಳೆಯುವ ಸ್ಲೂಸ್ ರೂಮಿನಲ್ಲಿ. ಬೆಡ್‌ಪ್ಯಾನ್ ಮಷೀನು ಜೋರಾಗಿ ಸದ್ದು ಮಾಡುತ್ತದಲ್ಲ, ಅದನ್ನು ಹಾಕಿದರೆ ಹೊರಗೆ ಕೇಳಿಸಲ್ಲ. ಸಿಸ್ಟರ್ ಆದ ಹೊಸತರಲ್ಲಿ ನಾನು ಬ್ರೇಕ್ ತೆಗೆದುಕೊಳ್ಳುತ್ತಿರಲಿಲ್ಲ. ಹನ್ನೆರಡೂವರೆ ತಾಸಿನಲ್ಲಿ ಒಂದು ಬಿಸ್ಕತ್ತು. ಎಲ್ಲರಿಗಿಂತ ಜಾಸ್ತಿ ದುಡಿದರೆ ಎಲ್ಲರೂ ಒಪ್ಪುತ್ತಾರೆ ಅನ್ನುವ ಲೆಕ್ಕ. ಒಂದು ದಿನ ಬಾಗಿಲು ತೆಗೆದು ಒಳಗೆ ಬಂದವಳು ನಮ್ಮ ಹೆಲ್ತ್‌ಕೇರ್ ಅಸಿಸ್ಟೆಂಟ್. ಜಮೈಕಾದಿಂದ ಚಿಕ್ಕವಳಿದ್ದಾಗ ಬಂದವಳು, ನಮ್ಮವ್ವನ ವಯಸ್ಸು. ಸಮಾಧಾನ ಮಾಡುತ್ತಾಳೆ ಅಂದುಕೊಂಡೆ. ಬೈದಳು. "ನೀನು ಉಣ್ಣದೆ ಓಡಾಡಿದರೆ ಈ ಹುಡುಗಿಯರು ಹೇಗೆ ಉಣ್ಣಬೇಕು? ಬೆಳಗಿನಿಂದ ಯಾರೂ ಕೂತಿಲ್ಲ ನೋಡು" ಅಂದಳು. ನನಗೆ ಅದು ಹೊಳೆದೇ ಇರಲಿಲ್ಲ. ಆವತ್ತಿನಿಂದ ಒಂದು ಗಂಟೆಗೆ ಎಲ್ಲರಿಗೂ ಕಾಣುವಂತೆ ನನ್ನ ಡಬ್ಬಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಹೋಗುತ್ತೇನೆ. ಶೇಂಗಾ ಹಿಂಡಿಯ ವಾಸನೆ ಕಾರಿಡಾರ್ ತುಂಬ. ಯಾರೂ ಏನೂ ಅಂದಿಲ್ಲ, ಒಬ್ಬಿಬ್ಬರು ಚಮಚ ತಂದಿದ್ದಾರೆ.

ಇನ್ನು ಒಂದು ಮಾತು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ.

ಶಹಾಪುರದ ಕಡೆಯ ಒಬ್ಬ ಹುಡುಗಿ ನಮ್ಮ ವಾರ್ಡಿಗೆ ಬಂದಳು. ಚುರುಕು. ಅಜ್ಜಂದಿರಿಗೆ ಸೂಜಿ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ. ಮೊದಮೊದಲು ಡ್ರಗ್ ಟ್ರಾಲಿ ಹತ್ತಿರ ಇಬ್ಬರೂ ಎರಡು ಮಾತು ಕನ್ನಡ ಆಡಿಕೊಳ್ಳುತ್ತಿದ್ದೆವು. ಒಂದು ದಿನ ಯಾರೋ ಹಿಂದಿನಿಂದ "ಸಿಸ್ಟರಿಗೆ ಈಗ ತಮ್ಮವರು ಸಿಕ್ಕರಲ್ಲ, ಇನ್ನು ಒಳ್ಳೆ ಶಿಫ್ಟೆಲ್ಲ ಅವರಿಗೇ" ಅಂದದ್ದು ಕಿವಿಗೆ ಬಿತ್ತು. ಅಷ್ಟೇ. ಆವತ್ತಿನಿಂದ ನಾನು ಅವಳ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಆಡಲಿಲ್ಲ. ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆಯ ದಿನದ ಶಿಫ್ಟು ಎಲ್ಲರಿಗಿಂತ ಒಂದು ಹೆಚ್ಚೇ ಅವಳಿಗೆ ಹಾಕಿದೆ. ನ್ಯಾಯವಂತಳು ಅನಿಸಿಕೊಳ್ಳಬೇಕಲ್ಲ.

2013ರ ಡಿಸೆಂಬರ್. ರೋಟಾ, ಅಂದರೆ ಶಿಫ್ಟುಗಳ ಪಟ್ಟಿ, ಆಗಲೇ ಹೊರಬಿದ್ದಿತ್ತು. ಅವಳು ನನ್ನ ಆಫೀಸಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಗ್ಲೌಸ್ ಹಾಗೇ ಇತ್ತು. ಅವಳ ತಾಯಿಗೆ ಕಲಬುರಗಿಯಲ್ಲಿ ಗರ್ಭಕೋಶದ ಆಪರೇಷನ್, ಜನವರಿಯಲ್ಲಿ ಐದು ದಿನ ಬೇಕು. ಅದೇ ತಿಂಗಳು ಇನ್ನೊಬ್ಬಳಿಗೆ ಅಕ್ಕನ ಮಗಳ ಮದುವೆಗೆ ಅಂತ ನಾನೇ ಶಿಫ್ಟ್ ಅದಲು ಬದಲು ಮಾಡಿಕೊಟ್ಟಿದ್ದೆ. ಇವಳಿಗೂ ಮಾಡಬಹುದಿತ್ತು. ಬದಲಿಗೆ ಬರುವ ಬ್ಯಾಂಕ್ ನರ್ಸ್ ಕರೆದರೆ ಮುಗಿಯುತ್ತಿತ್ತು. ನಾನು ಕಂಪ್ಯೂಟರಿನಿಂದ ಕಣ್ಣೆತ್ತದೆ "ದಿ ರೋಟಾ ಈಸ್ ಔಟ್" ಅಂದೆ.

ಅವಳು ಒಂದು ಹೆಜ್ಜೆ ಒಳಗೆ ಬಂದು, ಸಣ್ಣ ದನಿಯಲ್ಲಿ, "ಅಕ್ಕಾ, ಒಂದು ಮಾತು" ಅಂದಳು.

ನಾನು "ವಾರ್ಡಿನಲ್ಲಿ ಸಿಸ್ಟರ್ ಅನ್ನು" ಅಂದೆ. ಅದನ್ನೂ ಇಂಗ್ಲಿಷಿನಲ್ಲಿ.

ಸಿಸ್ಟರ್ ಅಂದರೂ ಅಕ್ಕನೇ ಅಲ್ವಾ. ಆ ಹೊತ್ತಿಗೆ ನನಗೆ ಅದು ತಲೆಗೆ ಬರಲಿಲ್ಲ. ಅವಳು "ಸಾರಿ, ಸಿಸ್ಟರ್" ಅಂದು ಗ್ಲೌಸ್ ತೆಗೆದು ಡಬ್ಬಿಗೆ ಹಾಕಿ ಹೋದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಮಾರ್ಚಿನಲ್ಲಿ ಬೇರೆ ಊರಿಗೆ ಹೋದಳು. ತಾಯಿ ಆರಾಮಾದರು ಅಂತ ಬೇರೆಯವರಿಂದ ಗೊತ್ತಾಯಿತು, ದೇವರ ದಯೆ. ನಾನು ಆ ರಾತ್ರಿ ಗಟ್ಟಿ ಹೆಣ್ಣು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡು ಮಲಗಿದ್ದೆ. ಅದು ಗಟ್ಟಿತನ ಅಲ್ಲ, ಬೇರೆಯವರ ಬಾಯಿಯ ಅಂಜಿಕೆ ಅಂತ ತಿಳಿಯಲು ಎಷ್ಟೋ ವರ್ಷ ಹಿಡಿಯಿತು. ಎರಡು ವರ್ಷದ ಹಿಂದೆ ಅವಳ ನಂಬರ್ ಸಿಕ್ಕಿತು. ಕನ್ನಡದಲ್ಲಿ ಉದ್ದಕ್ಕೆ ಬರೆದೆ, ತಪ್ಪಾಯಿತು ಅಂತ. ಎರಡು ನೀಲಿ ಗೀಟು ಬಿದ್ದವು. ಉತ್ತರ ಬಂದಿಲ್ಲ. ಬರಬೇಕು ಅಂತ ಏನೂ ಇಲ್ಲ.

ಈಗ ನನ್ನ ರೋಟಾದಲ್ಲಿ ಕಾರಣ ಕೇಳಿದ ಮೇಲೆಯೇ ಇಲ್ಲ ಅನ್ನುವುದು. ಯಾರಿಗೆ ಏಕೆ ಕೊಟ್ಟೆ ಅಂತ ಬರೆದಿಡುತ್ತೇನೆ. ಯಾರಾದರೂ ತಮ್ಮವರು ಅಂದರೆ ಆ ಪುಸ್ತಕ ತೆಗೆದು ತೋರಿಸುತ್ತೇನೆ. ಕಾಯ್ದೆಯೂ ಸ್ವಲ್ಪ ಮುಂದೆ ಬಂದಿದೆ. 2024ರ ಏಪ್ರಿಲ್‌ನಿಂದ, ಬಹಳ ದಿನ ಆರೈಕೆ ಬೇಕಾದ ತಂದೆ ತಾಯಿ ಇದ್ದರೆ ವರ್ಷಕ್ಕೆ ಒಂದು ವಾರ ರಜೆ ಕೇಳುವ ಹಕ್ಕಿದೆ, ಸಂಬಳ ಇಲ್ಲದೆ. ಕೆಲಸದ ಸಮಯ ಬದಲಿಸಿಕೊಡಿ ಅಂತ ಸೇರಿದ ಮೊದಲ ದಿನವೇ ಕೇಳಬಹುದು. ಕೊಡುತ್ತಾರೋ ಇಲ್ಲವೋ, ಕೇಳಿದ್ದಕ್ಕೆ ಕೆಟ್ಟವಳು ಆಗಲ್ಲ.

ಮೇರಿ ಸೀಕೋಲ್ ಹೆಸರಿನಲ್ಲಿ ಹೊಸ ಲೀಡರುಗಳಿಗೆ ಆರು ತಿಂಗಳ ತರಬೇತಿ ಇದೆ. ನಿನ್ನ ಮ್ಯಾನೇಜರನ್ನು ಕೇಳಿಟ್ಟಿರು. ಆ ಹೆಸರು ನನಗೆ ಮೊದಲು ಹೇಳಿದ್ದು ಸ್ಲೂಸ್ ರೂಮಿನ ಅದೇ ಜಮೈಕಾದ ತಾಯಿ. ಸೀಕೋಲ್ ಕೂಡ ಜಮೈಕಾದವಳು. ಕ್ರಿಮಿಯಾ ಯುದ್ಧಕ್ಕೆ ನರ್ಸ್ ಆಗಿ ಕಳಿಸಿ ಅಂದರೆ ಇಲ್ಲಿಯವರು ಬೇಡ ಅಂದರು. ತನ್ನ ದುಡ್ಡಿನಲ್ಲಿ ತಾನೇ ಹೋದಳು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿ 2016ರಿಂದ ಅವಳ ಪ್ರತಿಮೆ ಇದೆ, ನದಿ ಆಚೆಯ ಪಾರ್ಲಿಮೆಂಟಿಗೆ ಮುಖ ಮಾಡಿ. ಅಲ್ಲಿಂದ ಥೇಮ್ಸ್ ನದಿಯ ಅದೇ ದಂಡೆಗುಂಟ, ಲ್ಯಾಂಬೆತ್ ಸೇತುವೆ ಹತ್ತದೆ ಮುಂದೆ ನಡೆದರೆ ನಮ್ಮ ಬಸವಣ್ಣನ ಪ್ರತಿಮೆ. 2015ರ ನವೆಂಬರ್‌ನಲ್ಲಿ ನಿಲ್ಲಿಸಿದ್ದು. ಮುಂದೆ ನಿಂತು ಮಾಡಿಸಿದವರು ನಮ್ಮ ಕಲಬುರಗಿ ಕಡೆಯವರೇ, ಲ್ಯಾಂಬೆತ್‌ಗೆ ಮೇಯರ್ ಆಗಿದ್ದ ನೀರಜ್ ಪಾಟೀಲರು. ಎದೆ ಉಬ್ಬುತ್ತದೆ ನೋಡು. ಲಂಡನ್ನಿಗೆ ಹೋದಾಗ ಊರಿನ ನೆನಪಾದರೆ ನಾನು ಅಲ್ಲಿ ಹೋಗಿ ಕೂರುತ್ತೇನೆ. ಹತ್ತು ನಿಮಿಷ ಸಾಕು, ಚಳಿ ಗಾಳಿ ಬೀಸುತ್ತದೆ.

ಉಳಿದದ್ದು ಜೋಳದ ಹಿಟ್ಟು. ಗುಜರಾತಿ ಅಂಗಡಿಯಲ್ಲಿ ಜುವಾರ್ ಅಂತ ಕೇಳು. ಚೀಲದ ತಾರೀಖು ನೋಡಿ ತಗೊ. ಹಳೆ ಹಿಟ್ಟಿಗೆ ಜಿಗಿ ಇರಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ. ಎಸರು ಚೆನ್ನಾಗಿ ಮರಳಿದ ಮೇಲೇ ಹಿಟ್ಟಿಗೆ ಹಾಕು. ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತದೆ, ಮೊದಲೇ ಕಿಟಕಿ ತೆಗೆದಿಡು. ಅಥವಾ ರಜೆ ಇದ್ದಾಗ ಲೆಸ್ಟರಿಗೆ, ನಮ್ಮ ಮನೆಗೆ ಬಾ. ಎಳ್ಳಮಾಸಿಗೆ, ಎಳ್ಳ ಅಮಾವಾಸ್ಯೆಗೆ, ಬಂದರೆ ಇನ್ನೂ ಚಲೋ, ಕಾಯಿಪಲ್ಲೆಯ ಭಜ್ಜಿ ಮಾಡುತ್ತೇನೆ. ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲ ಇಲ್ಲ, ಹಿತ್ತಲಲ್ಲಿ ನಾಲ್ಕು ಟೊಮ್ಯಾಟೊ ಕುಂಡ ಇವೆ. ಅಷ್ಟಕ್ಕೇ ಚೆಲ್ಲುತ್ತೇನೆ ಪ್ರತಿ ವರ್ಷ, "ಹುಲ್ಲಲ್ಲಿಗೋ" ಅಂತ ಸಣ್ಣಗೆ, ಪಕ್ಕದ ಮನೆಯವರಿಗೆ ಕೇಳದ ಹಾಗೆ.