ಹೆಲಿಕಾಪ್ಟರ್ ಶಾಟ್ ಅಲುಗಾಡದಿರುವುದು ಎಡಿಟಿಂಗ್‌ನಿಂದಲ್ಲ

ಹೆಲಿಕಾಪ್ಟರ್ ಅಷ್ಟು ನಡುಗಿದರೂ ವನ್ಯಜೀವಿ ಶಾಟ್‌ಗಳು ನಿಶ್ಚಲವಾಗಿ ಬರುವುದು ಎಡಿಟಿಂಗ್‌ನಿಂದಲಾ ಎಂದು ಕೇಳಿದ್ದೀರಿ. ಅಲ್ಲ. ನಡುಕಕ್ಕೆ ಫ್ರೇಮೇ ಮಸುಕಾದರೆ ಯಾವ ಸಾಫ್ಟ್‌ವೇರೂ ಅದನ್ನು ವಾಪಸ್ ತರುವುದಿಲ್ಲ.

ಒಂದು ಲೆಕ್ಕ ನೋಡಿ. 500 ಮೀಟರ್ ದೂರದ ಪ್ರಾಣಿಯನ್ನು ಜೂಮ್ ಮಾಡಿದ್ದೀರಿ. ಕ್ಯಾಮೆರಾ ಒಂದೇ ಒಂದು ಡಿಗ್ರಿ ತಿರುಗಿದರೂ ಗುರಿ ಸುಮಾರು 9 ಮೀಟರ್ ಜಾರುತ್ತದೆ. ಪ್ರಾಣಿ ಫ್ರೇಮಿನಿಂದಲೇ ಮಾಯ! ಕೈಯಲ್ಲಿ ಹಿಡಿದು ತೆಗೆಯುವ ಮಾತೇ ಇಲ್ಲ, ಅಲ್ವಾ?

1960ರ ದಶಕದಲ್ಲಿ ನೆಲ್ಸನ್ ಟೈಲರ್ ಎಂಬ ಕ್ಯಾಮೆರಾಮನ್ ಹೆಲಿಕಾಪ್ಟರ್ ಬಾಗಿಲಲ್ಲಿ ಕ್ಯಾಮೆರಾ ಕೂರಿಸುವ ಮೌಂಟ್ ಮಾಡಿದರು. ಆದರೆ ಅದನ್ನು ತಿರುಗಿಸುವುದು ಆಪರೇಟರ್ ಕೈಯೇ. ಆಮೇಲೆ ಬಂದ ವೆಸ್ಕ್ಯಾಮ್, ಸಿನೆಫ್ಲೆಕ್ಸ್, ಶಾಟ್‌ಓವರ್ ಎಂಬ ಮೌಂಟ್‌ಗಳಲ್ಲಿ ಕ್ಯಾಮೆರಾ ಹೊರಗೆ ನೇತಾಡುವ ಕುಂಬಳಕಾಯಿಯಂಥ ಗೋಳದೊಳಗೆ ಇರುತ್ತದೆ. ಎಂಜಿನ್ನಿನ ಸಣ್ಣ ನಡುಕವನ್ನು ಐಸೊಲೇಟರ್‌ಗಳು, ಅಂದರೆ ಕಂಪನ ಹೀರುವ ಭಾಗಗಳು, ನುಂಗುತ್ತವೆ. ದೊಡ್ಡ ಓಲಾಟವನ್ನು ಜೈರೋ ಎಂಬ, ತಿರುಗುವಿಕೆ ಅಳೆಯುವ ಸೆನ್ಸರ್ ಗ್ರಹಿಸುತ್ತದೆ, ಮೋಟಾರ್ ಕೂಡಲೇ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಗಾಳಿಯ ಹೊಡೆತ ಲೆನ್ಸಿಗೆ ತಾಗದಂತೆ ಗೋಳದ ಹೊರಕವಚ ತಡೆಯುತ್ತದೆ. ಆಪರೇಟರ್ ಹೆಲಿಕಾಪ್ಟರ್ ಒಳಗೆ ಕೂತು ಮಾನಿಟರ್ ನೋಡುತ್ತಾ ಜಾಯ್‌ಸ್ಟಿಕ್ ಆಡಿಸಿದರಾಯಿತು. ಅದೇನೂ ಸುಲಭವಲ್ಲ ಬಿಡಿ, ಪೈಲಟ್ ಜೊತೆ ತಾಳಮೇಳ ಇಲ್ಲದಿದ್ದರೆ ಶಾಟ್ ಹಾಳು.

2006ರ ಬಿಬಿಸಿಯ ‘ಪ್ಲಾನೆಟ್ ಅರ್ಥ್’ನಲ್ಲಿ ಬೋಟ್ಸ್ವಾನಾದ ಕಾಡುನಾಯಿಗಳ ಬೇಟೆಯನ್ನು ಹೀಗೇ ಚಿತ್ರೀಕರಿಸಿದ್ದು. ದೂರದಲ್ಲೇ ಹಾರಿದ್ದರಿಂದ ನಾಯಿಗಳು ತಮ್ಮ ಪಾಡಿಗೆ ಓಡುತ್ತಿದ್ದವು.

ಡ್ರೋನ್ ಸಾಕಾಗಲ್ವಾ ಅಂದಿರಿ. ತತ್ವ ಒಂದೇ, ಆದರೆ ಸಣ್ಣ ಡ್ರೋನ್ ಭಾರೀ ಜೂಮ್ ಲೆನ್ಸ್ ಹೊರುವುದಿಲ್ಲ. ಹತ್ತಿರ ಹೋಗಲೇಬೇಕು. ಆ ಗುಂಯ್ ಸದ್ದಿಗೆ ಎಷ್ಟೋ ಪ್ರಾಣಿಗಳು ಬೆದರುತ್ತವೆ.