ಸುರಂಗವಿಲ್ಲದ 1,300 ಕಿಲೋಮೀಟರ್

ಪ್ರಶ್ನೆ: ಅಮೆರಿಕದ ಫರ್ಮಿಲ್ಯಾಬ್ ಎಂಬ ಕಣಭೌತ ಪ್ರಯೋಗಾಲಯದಿಂದ ಸೌತ್ ಡಕೋಟದ ಹಳೆಯ ಚಿನ್ನದ ಗಣಿಗೆ ನ್ಯೂಟ್ರಿನೊಗಳನ್ನು ಕಳುಹಿಸುವ ‘ಡ್ಯೂನ್’ ಪ್ರಯೋಗ ಸಿದ್ಧವಾಗುತ್ತಿದೆಯಂತೆ. ಅಷ್ಟು ದೂರ ಏಕೆ? ಪಕ್ಕದಲ್ಲೇ ಅಳೆಯಬಾರದೇ? ದಾರಿಗೆ ಸುರಂಗ ಕೊರೆಯಬೇಕೇ?
– ಓದುಗರೊಬ್ಬರು, ಕೋಲಾರ

ಉತ್ತರ: ಸುರಂಗ ಬೇಡ. ನ್ಯೂಟ್ರಿನೊ ಎಂದರೆ ಯಾವ ವಸ್ತುವಿನೊಡನೆಯೂ ಬಹುತೇಕ ಸೋಕದೆ ಸಾಗುವ ಅತಿ ಹಗುರ ಕಣ. ಅದಕ್ಕೆ ಬಂಡೆ ಅಡ್ಡಿಯೇ ಅಲ್ಲ. ಕಿರಣವನ್ನು ಸುಮಾರು 6 ಡಿಗ್ರಿ ನೆಲದೊಳಕ್ಕೆ ಓರೆಯಾಗಿ ಬಿಟ್ಟರೆ ಸಾಕು. ಭೂಮಿ ಗುಂಡಗಿರುವುದರಿಂದ ಆ ನೇರ ದಾರಿ ನಡುವೆ ಸುಮಾರು 30 ಕಿ.ಮೀ. ಆಳಕ್ಕೆ ಇಳಿದು ಮತ್ತೆ ಮೇಲೇರುತ್ತದೆ.

ನ್ಯೂಟ್ರಿನೊಗಳಲ್ಲಿ ಎಲೆಕ್ಟ್ರಾನ್, ಮ್ಯುವಾನ್, ಟಾವ್ ಎಂಬ ಮೂರು ಬಗೆ. ಸಾಗುತ್ತಾ ಒಂದು ಬಗೆ ಇನ್ನೊಂದಾಗುತ್ತದೆ, ಡ್ಯೂನ್ ಅಳೆಯುವುದು ಈ ಬದಲಾವಣೆಯನ್ನೇ. ಅದಕ್ಕೆ ದೂರ ಏಕೆ ಎಂಬುದಕ್ಕೆ ನಮ್ಮ ಮನೆಯ ತಂಬೂರಿ ಉತ್ತರ ಹೇಳುತ್ತದೆ. ಅದರ ನಡುವಿನ ಎರಡು ತಂತಿಗಳೂ ಒಂದೇ ಷಡ್ಜಕ್ಕೆ ಕೂಡಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಉಳಿದಿದ್ದರೆ ಮೀಟಿದ ಕ್ಷಣ ಕಿವಿಗೆ ತಿಳಿಯುವುದಿಲ್ಲ. ಕಾದು ಕೇಳಿದರೆ ನಾದ ಮೆಲ್ಲನೆ ಉಬ್ಬಿ ತಗ್ಗುತ್ತದೆ. ವ್ಯತ್ಯಾಸ ಕಡಿಮೆಯಾದಷ್ಟೂ ಹೆಚ್ಚು ಹೊತ್ತು ಕಾಯಬೇಕು. ಮ್ಯುವಾನ್ ನ್ಯೂಟ್ರಿನೊ ಎಂದು ಹೊರಟದ್ದೂ ಹೀಗೆಯೇ, ದ್ರವ್ಯರಾಶಿಯಲ್ಲಿ ತೀರಾ ಅಲ್ಪ ವ್ಯತ್ಯಾಸವಿರುವ ಮೂರು ಅಲೆಗಳ ಕೂಟ. ಅವುಗಳ ಮೇಳ ಕದಲಿ, ಕೆಲವು ಎಲೆಕ್ಟ್ರಾನ್ ನ್ಯೂಟ್ರಿನೊಗಳಾಗಿ ಕಾಣಿಸಿಕೊಳ್ಳಲು ನೂರಾರು ಕಿಲೋಮೀಟರ್ ಬೇಕು. ಪಕ್ಕದಲ್ಲೂ ಒಂದು ಶೋಧಕ ಇರುತ್ತದೆ, ಆದರೆ ಅದು ಹೊರಟವುಗಳ ಲೆಕ್ಕಕ್ಕೆ.

ಎಷ್ಟು ದೂರ ಎಂಬುದನ್ನು ಶಕ್ತಿಯ ಜೊತೆಗೇ ಗೊತ್ತುಮಾಡಬೇಕು. ಕಿಲೋಮೀಟರಿನಲ್ಲಿರುವ ದೂರವನ್ನು ಗಿಗಾ ಎಲೆಕ್ಟ್ರಾನ್‌ವೋಲ್ಟ್ ಎಂಬ ಮಾನದಲ್ಲಿರುವ ಕಣದ ಶಕ್ತಿಯಿಂದ ಭಾಗಿಸಿದಾಗ 500ರ ಆಸುಪಾಸು ಬಂದರೆ ಬದಲಾವಣೆಯ ಮೊದಲ ಶಿಖರ. ಜಪಾನಿನ ಟಿ2ಕೆ ಪ್ರಯೋಗದಲ್ಲಿ 295 ಕಿ.ಮೀ., ಶಕ್ತಿ 0.6, ಡ್ಯೂನ್‌ಗೆ 1,300 ಮತ್ತು ಸುಮಾರು 2.5. ಟಿ2ಕೆಯವರ ಒಂದು ಉಪಾಯ ನನಗೆ ಬಹಳ ಮೆಚ್ಚುಗೆ. ಕಿರಣವನ್ನು ಅವರು ಶೋಧಕಕ್ಕೆ ನೇರ ಗುರಿಯಿಡದೆ 2.5 ಡಿಗ್ರಿ ಬದಿಗೆ ಸರಿಸಿದರು. ಒಟ್ಟು ನ್ಯೂಟ್ರಿನೊಗಳು ಕಡಿಮೆಯಾದರೂ ಉಳಿದವು ಬೇಕಾದ ಶಕ್ತಿಯ ಸುತ್ತಲೇ ಒತ್ತಾಗಿ ಬರುತ್ತವೆ.

ಭಾಗಲಬ್ಧ ಒಂದೇ ಆದರೆ 295 ಕಿ.ಮೀ. ಸಾಲದೇ ಎಂದು ನೀವು ಕೇಳಬಹುದು. ಬಂಡೆ ನ್ಯೂಟ್ರಿನೊವನ್ನು ತಡೆಯದಿದ್ದರೂ ಅದರೊಳಗಿನ ಎಲೆಕ್ಟ್ರಾನುಗಳು ಈ ಬದಲಾವಣೆಯನ್ನು ತುಸು ತಿದ್ದುತ್ತವೆ. ನ್ಯೂಟ್ರಿನೊಗೆ ಒಂದು ರೀತಿ, ಅದರ ಪ್ರತಿವಸ್ತು ಜೋಡಿಯಾದ ಪ್ರತಿನ್ಯೂಟ್ರಿನೊಗೆ ಅದರ ವಿರುದ್ಧ ರೀತಿ. ಮೂರು ದ್ರವ್ಯರಾಶಿಗಳ ಏರಿಳಿತದ ಕ್ರಮವನ್ನು ಬಯಲು ಮಾಡುವುದು ಈ ತಿದ್ದುಪಡಿಯೇ. 295 ಕಿ.ಮೀ.ಯಲ್ಲಿ ಅದು ಸಣ್ಣದು. 1,300ರಲ್ಲಿ ಎದ್ದು ಕಾಣುತ್ತದೆ. ಹಾಗೆ ಕಂಡಾಗಲೇ ಅದನ್ನು ಬೇರ್ಪಡಿಸಿ, ವಸ್ತು ಮತ್ತು ಪ್ರತಿವಸ್ತುಗಳ ನಡುವಿನ ನಿಜವಾದ ಭೇದವನ್ನು ಹುಡುಕಬಹುದು.

ಇನ್ನು ಗಣಿ. ಆಳ ಬೇಕಾದದ್ದು ಕಿರಣದ ದಾರಿಗಲ್ಲ, ಶೋಧಕಕ್ಕೆ. ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಗದ್ದಲವನ್ನು ಒಂದೂವರೆ ಕಿ.ಮೀ. ಬಂಡೆ ತಡೆಯುತ್ತದೆ. ಕೋಲಾರದವರಿಗೆ ಇದನ್ನು ಬರೆಯುವಾಗ ನನಗೆ ಹೆಮ್ಮೆ: 1965ರಲ್ಲಿ ಕೆಜಿಎಫ್ ಗಣಿಯ ಎರಡು ಕಿ.ಮೀ.ಗೂ ಹೆಚ್ಚಿನ ಆಳದಲ್ಲಿ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿದದ್ದು ಇದೇ ಕಾರಣದಿಂದ.